ಕಾಕಾ ಸಿಕ್ಕಿಬಿದ್ದ ಭಾನುವಾರ

ದಿಲ್‌ಸುಖ್‌ನಗರದಲ್ಲಿ ಇವತ್ತು ಹೊಸ ಇಸ್ಪೀಟು ಕಟ್ಟು ಕೊಂಡು, ಮೆಟ್ರೋದಲ್ಲಿ ಕೂತು ಹೊದಿಕೆ ಹರಿದೆ. ಆ ನುಣುಪು ಎಲೆಗಳ ವಾಸನೆ ತಾಗಿದ್ದೇ ತಡ, ಒಬ್ಬನೇ ನಕ್ಕುಬಿಟ್ಟೆ. ಪಕ್ಕದವರು ಸರಿದು ಕೂತರು. ನೀವಾದರೂ ಸರಿಯಬೇಡಿ, ಕಾರಣ ಹೇಳುತ್ತೇನೆ.

ನಾರಾಯಣಗೂಡದ ನಮ್ಮ ಕಾಕಾನ ಮನೆಯಲ್ಲಿ ಭಾನುವಾರ ಊಟವಾದ ಮೇಲೆ ಸುಳ್ಳಿನಾಟ. ಎಲೆಗಳನ್ನು ಬೋರಲು ಹಾಕಿ, ನಿಜವೋ ಸುಳ್ಳೋ, ‘ಮೂರು ರಾಜ’ ಎನ್ನಬೇಕು. ನಂಬದವರು ತಿರುವಿ ನೋಡಬಹುದು. ಬೇರೆಲ್ಲೂ ಇಲ್ಲದ ಒಂದು ಕಾಯಿದೆಯನ್ನು ಕಾಕಾನ ಹೆಂಡತಿ, ನಮ್ಮ ಕಾಕು, ಸೇರಿಸಿದ್ದರು: ತಿರುವುವ ಮೊದಲು, ಹೇಳಿದವರ ನಾಡಿ ಹಿಡಿದು ನೋಡಬಹುದು. ನನ್ನದಂತೂ ಒಂದು ರಾಣಿಯ ಸುಳ್ಳಿಗೇ ತಮಟೆ ಬಾರಿಸುತ್ತಿತ್ತು. ಗೆದ್ದ ನೆನಪಿಲ್ಲ.

ಒಂದು ಬೇಸಿಗೆಯಿಂದ ಕಾಕಾ ಸೋಲುವುದನ್ನೇ ಬಿಟ್ಟರು. ನಾಡಿ ಜೋರಾಗಿಯೇ ಇರುತ್ತಿತ್ತು. ಆದರೆ ಸುಳ್ಳಿಗೂ ಅಷ್ಟೇ, ನಿಜಕ್ಕೂ ಅಷ್ಟೇ.

“ಕಾಕಾ, ಎಲೆಕ್ಷನ್‌ಗೆ ನಿಂದರ್ರಿ!” ಎಂದು ನಾವೆಲ್ಲ ಚಪ್ಪಾಳೆ ತಟ್ಟಿದೆವು.

ಕಾಕು ನಗಲಿಲ್ಲ. “ಮಲಗಿದ್ರೂ ನಾಡಿ ಇಷ್ಟ ಜೋರ ಐತಿ. ಕಾಲೂ ಬಾತಾವು. ಡಾಕ್ಟರ್ ಕಡೆ ನಡೀರಿ.”

“ಗೆಲ್ಲಾಕತ್ತೀನಿ ಅಂತ ಹೊಟ್ಟಿಕಿಚ್ಚು ನಿನಗ,” ಎಂದರು ಕಾಕಾ, ಅಷ್ಟು ಹೇಳಲು ನಡುವೆ ಉಸಿರೆಳೆದು.

ಹಾರ್ಟ್ ಫೇಲ್ಯೂರ್ ಎಂದರು ಡಾಕ್ಟರು. ನನಗೆ ಅರ್ಥವಾದಷ್ಟನ್ನೇ ಹೇಳುತ್ತೇನೆ. ಹೃದಯಕ್ಕೆ ರಕ್ತ ದೂಡುವ ಬಲ ಕುಂದಿದಾಗ, ‘ಓಡು’ ಎನ್ನುವ ನರಗಳು ಬಿಡದೆ ಚಾಟಿ ಬೀಸುತ್ತವೆ. ‘ಸಾಕು, ನಿಧಾನ’ ಎನ್ನುವ ನರದ ದನಿ ಕ್ಷೀಣಿಸುತ್ತದೆ. ಆಗ ನಾಡಿ ಸಂದರ್ಭ ನೋಡಿ ಏರುವುದನ್ನೂ ಇಳಿಯುವುದನ್ನೂ ಮರೆಯುತ್ತದೆ.

“ಬತುಕುತಾರಾ?” ಕಾಕು ತೆಲುಗಿನಲ್ಲಿ ಕೇಳಿದರು, ಬದುಕುತ್ತಾರಾ ಎಂದು. ನೋಡೋಣ ಎಂದ ಡಾಕ್ಟರು, ಚಾಟಿಯ ಪೆಟ್ಟು ತಗ್ಗಿಸುವ ಮಾತ್ರೆ ಬರೆದರು. ನಾವು ಚಪ್ಪಾಳೆ ತಟ್ಟಿದ್ದು ಯಾವುದಕ್ಕೆ ಎಂದು ಮೆಟ್ಟಿಲಿಳಿಯುವಾಗ ನನಗೆ ಹೊಳೆಯಿತು.

ಮಾತ್ರೆ, ಉಪ್ಪಿಲ್ಲದ ಸಾರು, ನಿಧಾನದ ನಡಿಗೆ. ಬೇಸಿಗೆ ಹೋಗಿ ಚಳಿ ಬಂತು. ಒಂದು ಭಾನುವಾರ ಕಾಕಾ ಎಲೆಗಳನ್ನಿಟ್ಟು, “ನಾಲ್ಕು ಎಕ್ಕಾ,” ಎಂದರು. ಒಂದು ಎಕ್ಕಾ ನನ್ನ ಕೈಯಲ್ಲೇ ಇತ್ತು! ಅದನ್ನು ಉಳಿದ ಎಲೆಗಳ ಹಿಂದೆ ಸರಿಸಿದೆ. ಕಾಕು ಕಣ್ಣುಮುಚ್ಚಿ ನಾಡಿ ಹಿಡಿದರು.

“ಜಿಗೀತು! ಖರೇನ ಜಿಗೀತು! ಸುಳ್ಳ ಹೇಳಾಕತ್ತಾರ!”

ತಿರುವಿದರೆ ಒಂದೂ ಎಕ್ಕಾ ಇಲ್ಲ. ನಾವು ಎಲೆಗಳನ್ನೆಲ್ಲ ಫ್ಯಾನಿನತ್ತ ಎಸೆದು ಕುಣಿದೆವು. ಪಕ್ಕದ ಮನೆಯವರು ಓಡಿಬಂದು, “ಕ್ಯಾ ಹುವಾ ಭಾಭಿ?” ಎಂದರು.

“ಹಾರ್ ಗಯೇ! ಇವರು ಸೋತ್ರು!” ಕಾಕು ಅಳುತ್ತಲೇ ನಗುತ್ತಿದ್ದರು.

“ಕೈ ಬಿಡ ಇನ್ನ, ಸೋತೆನಲ್ಲ.”

“ಸುಮ್ಮನಿರ್ರೀ. ಇಳಿಯಾಕತ್ತೈತಿ… ಮೆಲ್ಲಕ ಇಳಿಯಾಕತ್ತೈತಿ.”

ಈಗ ಕಾಕಾ ವಾರ ತಪ್ಪದೆ ಸೋಲುತ್ತಾರೆ, ಸೋತರೆ ಜಗಳ. ಇವತ್ತೂ ಹೊಸ ಕಟ್ಟು ಹಿಡಿದು ನಾನು ಅವರ ಮನೆಯ ಮೆಟ್ಟಿಲು ಹತ್ತುವಾಗಲೇ ದನಿ ಕೇಳಿಸಿತು.

“ನೀ ಮೋಸ ಮಾಡ್ತಿ! ನಾ ಆಡಂಗಿಲ್ಲ!”

“ಭಾಳ ಸಿಟ್ಟು ಬಂದೈತೇನ್ರಿ? ತಾರ್ರಿ ಇಲ್ಲೆ ಕೈ.”

ಒಳಗೆ ಸದ್ದು ನಿಂತಿತು. ಕಾಕಾ ಕೈ ಕೊಟ್ಟಿರಬೇಕು. ನಾನು ಬಾಗಿಲು ಬಡಿಯದೆ ಸ್ವಲ್ಪ ಹೊತ್ತು ಹೊರಗೇ ನಿಂತೆ.