ಪಾರ್ಕಿಂಗ್‌ನಲ್ಲಿದ್ದ ಹೆಡ್ ಕೋಚ್

ಕುವೈತ್‌ನ ಒಂದು ಖಾಸಗಿ ಕಾಲೇಜಿನಲ್ಲಿ ನಾನು ಹುಡುಗಿಯರ ಬಾಸ್ಕೆಟ್‌ಬಾಲ್ ತಂಡದ ಅಸಿಸ್ಟೆಂಟ್ ಕೋಚ್. ಧಾರವಾಡದಲ್ಲಿ ಓದುವಾಗ ವಿಶ್ವವಿದ್ಯಾಲಯದ ತಂಡದಲ್ಲಿ ಆಡಿದ್ದೆ. ಮದುವೆಯಾದ ಮೇಲೆ, ಶುಐಬಾದ ಕಾರ್ಖಾನೆಯಲ್ಲಿ ಟೆಕ್ನಿಶಿಯನ್ ಆಗಿರುವ ಗಂಡನ ಜೊತೆ ಇಲ್ಲಿಗೆ ಬಂದೆ. ಈ ಹುದ್ದೆ ಹೆಡ್ ಕೋಚ್ ಆಗುವ ದಾರಿಯ ಮೊದಲ ಮೆಟ್ಟಿಲು ಎಂದು ಸೇರುವ ದಿನ ಹೇಳಿದ್ದರು. ಹತ್ತುವವರು ಯಾರು ಎಂದು ಹೇಳಿರಲಿಲ್ಲ.

ಆಗಿದ್ದ ಹೆಡ್ ಕೋಚ್ ದೂರದ ದೇಶದವರು. ಎತ್ತರದ ಗಂಡಸು, ಒಳ್ಳೆಯ ಕಂಠ. ಕ್ಯಾಂಟೀನ್‌ನಲ್ಲಿ ಊಟಕ್ಕೆ ಕೂತಾಗಲೂ ಕೊರಳಲ್ಲಿ ವಿಷಲ್ ಇರಬೇಕು. ಬೋರ್ಡಿನ ಮೇಲೆ ಬಾಣಗಳನ್ನು ಬರೆದು ಹೊರಟುಬಿಡುತ್ತಿದ್ದರು. ಯಾವ ಬಾಣ ಯಾವ ಹುಡುಗಿ ಎಂದು ಬಿಡಿಸಿ ಹೇಳುವುದು, ಉಳುಕಿದ ಕಾಲಿಗೆ ಟೇಪ್ ಸುತ್ತುವುದು, ಮುನಿಸಿಕೊಂಡವರನ್ನು ಕರೆತರುವುದು ನನ್ನ ಪಾಲು.

ಆ ವರ್ಷ ಅಂತರ ಕಾಲೇಜು ಪಂದ್ಯಗಳು ಗಂಡಸರಿಗೆ ಪ್ರವೇಶವಿಲ್ಲದ ಸಭಾಂಗಣದಲ್ಲಿ ನಡೆದವು. ಹಾಗಿದ್ದರೆ ಹುಡುಗಿಯರು ತಮಗೆ ಅನುಕೂಲವಾದ ಉಡುಪಿನಲ್ಲಿ ಆಡಬಹುದು. ನಮ್ಮ ಹೆಡ್ ಕೋಚ್ ಚೂರೂ ಧೃತಿಗೆಡಲಿಲ್ಲ, ಕಾರಿನಲ್ಲೇ ಕೂತು ತಂಡ ನಡೆಸುತ್ತೇನೆ ಎಂದರು. ಹೊರಗೆ ನೆರಳಿದ್ದ ಕಡೆ ಕಾರು ನಿಲ್ಲಿಸಿ, ಎಸಿ ಹಾಕಿಕೊಂಡು, ಕಾಫಿ ಹೀರುತ್ತಾ ಅವರು. ಒಳಗೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ನಾನು. ಆಟ ಅವರಿಗೆ ಕಾಣದು. ಏನಾಯಿತೆಂದು ಕೇಳುತ್ತಿದ್ದರು, ನಾನು ಹೇಳುತ್ತಿದ್ದೆ. ಅವರು ಯೋಚಿಸಿ ಅಪ್ಪಣೆ ಕೊಡುವಷ್ಟರಲ್ಲಿ ಚೆಂಡು ಅಂಕಣದ ಆ ತುದಿಯಲ್ಲಿರುತ್ತಿತ್ತು. ಚೆಂಡು ನಮ್ಮ ಕೈಯಲ್ಲೇ ಇದ್ದಾಗ ಡಿಫೆನ್ಸ್ ಬಿಗಿಮಾಡಿ ಎಂದದ್ದೂ ಉಂಟು.

ಫೈನಲ್‌ನ ಅರ್ಧದಲ್ಲಿ ನಾವು ಹಿಂದಿದ್ದೆವು. ಕ್ಯಾಪ್ಟನ್ ದಣಿದಿದ್ದಾಳೆ, ಅವಳನ್ನು ಕೂರಿಸಿ ಎಂದು ಕಾರಿನಿಂದ ಆಜ್ಞೆ ಬಂತು. ಹಿಂದಿನ ವಾರ ಅವಳು ಅವರಿಗೆ ಎದುರು ಮಾತಾಡಿದ್ದಳು. ದಣಿವು ಅಲ್ಲಿಂದ ಶುರುವಾಗಿತ್ತು. ನಾನು ಇಯರ್‌ಫೋನ್ ಕಿತ್ತು ಫೋನನ್ನು ಟವೆಲ್‌ಗಳ ಚೀಲಕ್ಕೆ ಹಾಕಿದೆ.

"ನೀನು ಹೊರಗೆ ಬರುವುದಿಲ್ಲ," ಎಂದೆ ಅವಳಿಗೆ. "ಎಡಗಡೆಯಿಂದ ನುಗ್ಗು. ಅವರ ಉದ್ದನೆಯ ಹುಡುಗಿಗೆ ಬೇಗ ತಿರುಗಲು ಆಗುತ್ತಿಲ್ಲ."

ಗೆದ್ದೆವು. ಹೊರಗೆ ಬಂದಾಗ ಹೆಡ್ ಕೋಚ್ ಇನ್ನೂ ಹಲೋ ಹಲೋ ಅನ್ನುತ್ತಿದ್ದರು. ಒಳಗೆ ಸಿಗ್ನಲ್ ಇರಲಿಲ್ಲ ಎಂದೆ. ಅವರು ನನ್ನ ಭುಜ ತಟ್ಟಿ, "ನಾನು ಹೇಳಿದ್ದನ್ನೆಲ್ಲ ಸರಿಯಾಗಿ ಮಾಡಿದ್ದೀರಿ," ಎಂದು ಮೆಚ್ಚಿಕೊಂಡರು. ಆ ಗೆಲುವನ್ನು ತೋರಿಸಿ ಕೆಲವೇ ವಾರಗಳಲ್ಲಿ ದೊಡ್ಡ ಕ್ಲಬ್ ಸೇರಿದರು.

ಆಫೀಸಿನಲ್ಲಿ ಮಂಗಳೂರು ಕಡೆಯ ಒಬ್ಬ ಮಹಿಳೆ ಕೆಲಸ ಮಾಡುತ್ತಿದ್ದರು. "ನೀವು ಅಪ್ಲೈ ಮಾಡಿ ಮಾರಾಯ್ರೆ, ಇವರಿಗಾಗಿ ಎಷ್ಟು ದುಡಿಯುವುದು?" ಎಂದು ಅವರೇ ದುಂಬಾಲು ಬಿದ್ದರು. ಸಂದರ್ಶನದಲ್ಲಿ ಕ್ರೀಡಾ ನಿರ್ದೇಶಕರು ಬಹಳ ಸೌಜನ್ಯದಿಂದ ನನಗೆ ಹೆಡ್ ಕೋಚ್ ಆಗಿದ್ದ ಅನುಭವ ಇಲ್ಲವೆಂದರು.

"ಹೆಡ್ ಕೋಚ್ ಮಾಡದೆ ಆ ಅನುಭವ ಎಲ್ಲಿಂದ ಬರಬೇಕು, ಸರ್?"

ಒಳ್ಳೆಯ ಪ್ರಶ್ನೆ ಎಂದು ಹೊಗಳಿ ಅವರು ಮಾತು ಮುಗಿಸಿದರು.

ಬೇಸಿಗೆ ರಜೆ ಕಳೆದ ಮೇಲೆ ಹೊಸ ಹೆಡ್ ಕೋಚ್ ಬಂದಳು. ಅದೇ ಕ್ಯಾಪ್ಟನ್. ಡಿಗ್ರಿ ಮುಗಿಸಿ, ವಿದೇಶದಲ್ಲೊಂದು ಸಣ್ಣ ಕೋರ್ಸ್ ಮಾಡಿದ್ದಳು. ಈ ನೆಲದವಳು, ಅವಳ ಅನುಭವದ ವಿಚಾರ ಯಾರೂ ಎತ್ತಲಿಲ್ಲ. ನನ್ನ ಹೆಸರಿನ ಮುಂದೆ 'ಸೀನಿಯರ್' ಅಸಿಸ್ಟೆಂಟ್ ಎಂದು ಸೇರಿತು.

ಮನೆಯಲ್ಲಿ ಹೇಳಿದಾಗ ಗಂಡ ನಕ್ಕರು. "ನೀ ಕಲಿಸಿದಾಕಿನ ನಿನಗ ಸಾಹೇಬ್ರಾದ್ಲು. ಬಿಡು, ಕಲಿಸಿದ್ದರ ಖರೇ ಕಲಿಸೀದಿ ಅಂತ ಆತು."

ನನಗೆ ನಗು ಬರಲಿಲ್ಲ. ರಾಜೀನಾಮೆ ಕೊಡುವ ಮನಸ್ಸು ಮಾಡಿಯೇ ಮರುದಿನ ಹೋದೆ. ಅವಳು ಕೋಣೆಯ ಬಾಗಿಲು ಹಾಕಿದಳು. ದೊಡ್ಡ ಕುರ್ಚಿಯಲ್ಲಿ ಕೂರಲಿಲ್ಲ, ನನ್ನ ಪಕ್ಕದ ಸ್ಟೂಲಿನಲ್ಲಿ ಕೂತಳು. "ಕೋಚ್, ನನಗೆ ಹೆದರಿಕೆಯಾಗುತ್ತಿದೆ," ಎಂದಳು ಇಂಗ್ಲಿಷಿನಲ್ಲಿ. "ಮೊದಲ ವಾರ ಏನು ಮಾಡಿಸಲಿ?"

ಹೇಳಬಾರದು ಅಂದುಕೊಂಡೆ. ಆಮೇಲೆ, ಹೊಸ ಹುಡುಗಿಯರ ಪಾದಗಳ ಚಲನೆ ಮೊದಲು ನೋಡು, ಚೆಂಡು ಆಮೇಲೆ ಕೊಡು ಎಂದೆ. ಅವಳು ಅಂಕಣಕ್ಕಿಳಿದು ಅಷ್ಟನ್ನೂ ತನ್ನದೇ ವಿಚಾರ ಎಂಬಂತೆ ಗಟ್ಟಿಯಾಗಿ ಹೇಳಿದಳು. ನಾನು ಚೆಂಡುಗಳಿಗೆ ಗಾಳಿ ತುಂಬುತ್ತಾ ಕೇಳಿಸಿಕೊಂಡೆ.