ಎರಡು ಸಂಘಗಳ ನಡುವೆ ಟೈಲರಕ್ಕ

ಲಾರಿ ಓಡಿಸುತ್ತಿದ್ದ ಗಂಡ ತೀರಿಕೊಂಡ ಮೇಲೂ ಟೈಲರಕ್ಕ ಹೊಲಿಗೆ ಬಿಟ್ಟಿರಲಿಲ್ಲ. ಎರಡು ರಾತ್ರಿ ರೆಪ್ಪೆ ಮುಚ್ಚದೆ ಸರಕು ಸಾಗಿಸಿದವನಿಗೆ ತಿರುವಿನಲ್ಲಿ ಜೊಂಪು ಹತ್ತಿತ್ತು. ಎದುರು ಬಂದ ಸ್ಕೂಟರಿಗೆ ಗುದ್ದಿ ಲಾರಿ ಹಳ್ಳಕ್ಕೆ ಉರುಳಿತು. ಅವನೂ ಹೋದ, ಸ್ಕೂಟರಿನಲ್ಲಿದ್ದ ಹುಡುಗಿಯೂ ಹೋದಳು. ಹುಡುಗಿಯ ಅಪ್ಪ ಪುಸ್ತಕಗಳಿಗೆ ರಟ್ಟು ಕಟ್ಟುವವನು. ಅಂದಿನಿಂದ ಓಣಿಯ ಜನ ಟೈಲರಕ್ಕನ ಅಂಗಡಿಯ ಮುಂದೆ ಬಂದಾಗ ದನಿ ತಗ್ಗಿಸುತ್ತಿದ್ದರು. ಬೈದಿದ್ದರೇ ವಾಸಿ ಅನ್ನಿಸುತ್ತಿತ್ತು ಅವಳಿಗೆ.

ರಸ್ತೆ ಸುರಕ್ಷತೆಯ ಕಾನೂನು ತಿದ್ದಲು ಸಮಿತಿಯೊಂದು ಅಹವಾಲು ಕೇಳತೊಡಗಿದಾಗ ಎರಡು ಸಂಘಗಳು ಪೈಪೋಟಿಗೆ ಬಿದ್ದವು. ಅಪಘಾತದಲ್ಲಿ ತಮ್ಮವರನ್ನು ಕಳೆದುಕೊಂಡವರ ಸಂಘಕ್ಕೆ ಚಾಲಕರು ಜೈಲಿಗೆ ಹೋಗಬೇಕು. ಚಾಲಕರ ಸಂಘಕ್ಕೆ ಅದು ಕೂಡದು. ಚಾಲಕರ ಮುಖಂಡ ಅಂಗಡಿಗೇ ಬಂದು ಟೈಲರಕ್ಕನನ್ನು ಕರೆದ.

"ನಾನೇನು ಮಾತಾಡಲಪ್ಪ?"

"ಮಾತಾಡೋದೇನೂ ಬೇಡ ಅಕ್ಕ. ಮುಂದಿನ ಸಾಲಲ್ಲಿ ಕೂತಿರಿ, ಸಾಕು. ಅಳು ಬಂದ್ರೆ ತಡ್ಕೋಬೇಡಿ."

ಸಭೆಯಲ್ಲಿ ಆಚೆ ಬದಿಯ ಮುಂದಿನ ಸಾಲಿನಲ್ಲಿ ರಟ್ಟಿನವನು ಮಗಳ ಫೋಟೋ ಮಡಿಲಲ್ಲಿಟ್ಟುಕೊಂಡು ಕೂತಿದ್ದ. ಅವನಿಗೂ ಯಾರೋ ಹಾಗೇ ಹೇಳಿಕೊಟ್ಟಿರಬೇಕು. ಎರಡೂ ಕಡೆಯವರು ಗಂಟಲು ಹರಿಯುವಂತೆ ವಾದಿಸಿದರು. ಬಿಡುವಿನಲ್ಲಿ ನಲ್ಲಿಯ ಹತ್ತಿರ ಟೈಲರಕ್ಕನೂ ರಟ್ಟಿನವನೂ ಎದುರಾದರು. ಅವನೇ ಕೇಳಿದ.

"ನಿಮ್ಮ ಯಜಮಾನ್ರು ಕುಡಿದಿದ್ರಾ ತಾಯಿ?"

"ಇಲ್ಲಣ್ಣ. ನಿದ್ದೆ ಇರಲಿಲ್ಲ. ಮಾಲೀಕ್ರು ಮಲಗೋಕೆ ಬಿಟ್ಟಿರಲಿಲ್ಲ."

ಅವನು ಲೋಟ ಕೆಳಗಿಟ್ಟ. "ಇದನ್ನ ಒಳಗೆ ಯಾರೂ ಹೇಳಲೇ ಇಲ್ವಲ್ಲ."

ಸಭೆ ಮತ್ತೆ ಸೇರಿದಾಗ ಟೈಲರಕ್ಕ ಯಾರೂ ಕರೆಯದೆ ಎದ್ದು ನಿಂತಳು. "ಚಾಲಕರಿಗೆ ನಿದ್ದೆ ಮಾಡೋಕೆ ಹೊತ್ತು ಕೊಡಲೇಬೇಕು ಅಂತ ಬರೀರಿ ಸ್ವಾಮಿ." ರಟ್ಟಿನವನೂ ಎದ್ದು, "ನನ್ನದೂ ಅದೇ ಮಾತು" ಎಂದ. "ಕೂತ್ಕೊಳ್ಳಿ ಅಕ್ಕ" ಎಂದು ಮುಖಂಡ ಹಲ್ಲು ಕಚ್ಚಿ ಪಿಸುಗುಟ್ಟಿದ. ಅವನ ಸಂಘಕ್ಕೆ ಕಚೇರಿ ಕೊಟ್ಟವರೇ ಲಾರಿ ಮಾಲೀಕರು. ಸಮಿತಿಯ ಅಧ್ಯಕ್ಷರು ಹೊತ್ತಾಯಿತೆಂದು ಮುಂದಿನವರನ್ನು ಕರೆದರು.

ಕಾನೂನು ಬಂತು. ದಂಡ ಹೆಚ್ಚಿತು, ಜೈಲೂ ಬಂತು, ಅವಧಿ ಮಾತ್ರ ಕೇಳಿದ್ದಕ್ಕಿಂತ ಕಡಿಮೆ. ಗೆದ್ದೆವೆಂದು ಎರಡು ಸಂಘಗಳೂ ಹಾರ ಹಾಕಿಕೊಂಡವು. ನಿದ್ದೆಯ ಸೊಲ್ಲೇ ಇರಲಿಲ್ಲ.

ಆ ವಾರವೇ ಅವಳ ಮೈದುನ, ಅಣ್ಣ ದುಡಿಯುತ್ತಿದ್ದ ಮಾಲೀಕರ ಲಾರಿಗೇ ಕೆಲಸಕ್ಕೆ ಸೇರಿದ. ಹೊರಡುವ ಸಂಜೆ ಅಂಗಡಿಗೆ ಬಂದು ಹೇಳಿ ಹೋಗಲು ನಿಂತಾಗ ಟೈಲರಕ್ಕ ಅಂದಳು, "ಕಣ್ಣು ಎಳೆದ್ರೆ ಪಕ್ಕಕ್ಕೆ ನಿಲ್ಸಿ ಮಲ್ಕೊಳಪ್ಪ."

"ನಿಲ್ಸಿದ್ರೆ ನಾಳೆ ಕೆಲಸ ಇರುತ್ತಾ ಅತ್ತಿಗೆ?"

ಅವನು ಚಪ್ಪಲಿ ಮೆಟ್ಟಿಕೊಂಡು ನಡೆದ.