ಗೋಡೆಯ ಬಳಿ ಕರೆದವರು

ಇಂಥ ಕಥೆ ಹೇಳುವವರನ್ನು ನಾನು ಎಂದೂ ನಂಬಿದವನಲ್ಲ. ನಾನು ಸಿವಿಲ್ ಎಂಜಿನಿಯರ್. ಬಿದ್ದದ್ದಕ್ಕೆಲ್ಲ ಒಂದು ಕಾರಣ ಇದ್ದೇ ಇರುತ್ತದೆ, ಹುಡುಕಿದರೆ ಸಿಗುತ್ತದೆ ಎಂಬುದು ನನ್ನ ವೃತ್ತಿ ಕಲಿಸಿದ ಪಾಠ. ಈಗಲೂ ನನ್ನ ಅಭಿಪ್ರಾಯ ಅದೇ. ಆದರೆ ಒಂದು ಮಧ್ಯಾಹ್ನದ ಸಂಗತಿ ಮಾತ್ರ ಆ ಲೆಕ್ಕಕ್ಕೆ ಸಿಕ್ಕಿಲ್ಲ.

ಎಂಬತ್ತರ ದಶಕದ ನಡುವಿನ ಮಾತು. ಆಗ ನಾವು ಅಮೆರಿಕದ ಹೇವರ್ಡಿನಲ್ಲಿದ್ದೆವು. ಅಲ್ಲಿಂದ ಅರ್ಧ ಗಂಟೆ ದೂರದ ಗುಡ್ಡದ ಮೇಲೆ ವಿಕ್ಟೋರಿಯಾ ರಾಣಿಯ ಕಾಲದ ಒಂದು ಸ್ಮಶಾನವಿತ್ತು. ಅಮೃತಶಿಲೆಯ ದೇವದೂತರು, ಕುಸುರಿಯ ಕಬ್ಬಿಣದ ಬೇಲಿ. ಜನ ಪಾರ್ಕಿಗೆ ಬಂದಂತೆ ನೋಡಲು ಬರುತ್ತಿದ್ದರು. ಅಲ್ಲಿನ ಕಲ್ಲಿನ ತಡೆಗೋಡೆಯೊಂದು ಉಬ್ಬಿದೆ, ಪರೀಕ್ಷಿಸಿ ಎಂದು ನಮ್ಮ ಆಫೀಸಿಗೆ ಕೆಲಸ ಬಂತು. ಮಳೆಗಾಲ ಮುಗಿದ ಹೊಸತರಲ್ಲಿ ನಾನೂ ಸಹೋದ್ಯೋಗಿ ಟೋನಿಯೂ ಹೋದೆವು.

ಗೋಡೆಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ಬಿರುಕನ್ನು ಅಳೆಯುತ್ತಿದ್ದೆವು. ಹಿಂದಿನಿಂದ ಒಬ್ಬ ಹೆಂಗಸಿನ ದನಿ ಕೇಳಿತು: “ಒಂಚೂರು ಈ ಕಡೆ ಬರ್ತೀರಾ?” ಗಾಬರಿಯಿಲ್ಲದ, ಅಪರಿಚಿತರನ್ನು ಕರೆಯುವಂಥ ಮರ್ಯಾದೆಯ ದನಿ. “ಬಂದೆ” ಎಂದು ಎದ್ದೆ. ಟೋನಿಯೂ ಎದ್ದ. ಹತ್ತು ಹೆಜ್ಜೆ ನಡೆದಿರಬಹುದು, ಹಿಂದೆ ಗೋಡೆ ಕುಸಿಯಿತು. ನಾವು ಕೂತಿದ್ದ ಜಾಗದಲ್ಲಿ ಆಳೆತ್ತರದ ಕಲ್ಲುಮಣ್ಣಿನ ರಾಶಿ.

ಧೂಳು ಅಡಗಿದ ಮೇಲೆ ಆಕೆಗೆ ಥ್ಯಾಂಕ್ಸ್ ಹೇಳೋಣವೆಂದು ಸುತ್ತ ನೋಡಿದೆವು. ಎದುರಿಗೆ ಬರೀ ಹುಲ್ಲಿನ ಇಳಿಜಾರು. ಮರೆಯಾಗಲು ಆ ಕಡೆ ಒಂದು ಮರವಾಗಲಿ ಗೋರಿಯಾಗಲಿ ಇರಲಿಲ್ಲ.

“ನಿನಗೆ ಪೋರ್ಚುಗೀಸ್ ಬರುತ್ತೆ ಅಂತ ನನಗೆ ಗೊತ್ತೇ ಇರಲಿಲ್ಲ,” ಎಂದ ಟೋನಿ.

“ನನಗೆಲ್ಲಿ ಬರುತ್ತೆ?”

“ಮತ್ತೆ ಆಕೆ ಕರೆದ ಕೂಡಲೇ ಎದ್ದೆಯಲ್ಲ? ನಮ್ಮಜ್ಜಿ ಮನೇಲಿ ಆಡೋ ಮಾತು ಅದು.”

ನನಗೆ ಕೇಳಿಸಿದ್ದು ಕನ್ನಡ ಎಂದೆ.

ರಾತ್ರಿ ಊಟದ ಹೊತ್ತಿಗೆ ಹೆಂಡತಿ ಸರೋಜಳಿಗೆ ಹೇಳಿದೆ. “ಯಾರೋ ಇಂಗ್ಲಿಷಲ್ಲೇ ಕರೆದಿರ್ತಾರೆ ಕಣ್ರೀ. ಭಯದಲ್ಲಿ ಇಬ್ಬರಿಗೂ ಅವರವರ ಮನೆಮಾತು ಕೇಳಿಸಿರುತ್ತೆ,” ಎಂದಳು. ಒಳ್ಳೆಯ ವಿವರಣೆಯೇ. ಆದರೆ ಕರೆದಾಗ ನಮಗೆ ಭಯವಿರಲಿಲ್ಲ. ಅದು ಬಂದದ್ದು ಆಮೇಲೆ.

ಗೋಡೆ ಬಿದ್ದದ್ದರ ಬಗ್ಗೆ ರಿಪೋರ್ಟು ಬರೆದೆ. ನೀರು ಬಸಿಯುವ ತೂತುಗಳು ಕಟ್ಟಿಕೊಂಡು, ಹಿಂದಿನ ಮಣ್ಣು ನೆನೆದು ಭಾರವಾಗಿತ್ತು. ಅದರಲ್ಲಿ ನನಗೆ ಅನುಮಾನವಿಲ್ಲ. ಅರ್ಥವಾಗದಿರುವುದು ಇಷ್ಟೇ. ಕೆಲಸದ ಹೊತ್ತಿನಲ್ಲಿ ವರ್ಷಗಟ್ಟಲೆ ಒಂದು ಕನ್ನಡದ ಮಾತೂ ಕಿವಿಗೆ ಬೀಳದ ಊರಿನಲ್ಲಿ ಯಾರೋ ನನ್ನನ್ನು ಕನ್ನಡದಲ್ಲಿ ಕರೆದರು. ನಾನೂ ಕನ್ನಡದಲ್ಲೇ ಓಗೊಟ್ಟೆ. ಆ ಕ್ಷಣದಲ್ಲಿ ನನಗೆ ಒಂದಿಷ್ಟೂ ಆಶ್ಚರ್ಯವಾಗಲಿಲ್ಲ. ಯಾಕಾಗಲಿಲ್ಲವೋ ಇವತ್ತಿಗೂ ತಿಳಿದಿಲ್ಲ.